ಹೊರಕಡೆಯ ಮಾತು

ನನ್ನ ತಂಗಿ ಮತ್ತೆ ನಡೆಯುತ್ತಾಳೆಯೇ ಎಂದು ಕೇಳುವವರಿಗೆ ನಮ್ಮ ಮನೆಯಲ್ಲಿ ಬರವಿಲ್ಲ. ಬೀಗರು ಕೇಳುತ್ತಾರೆ, ಶಾಲೆಯ ಸಹೋದ್ಯೋಗಿಗಳು ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಗುರುತಿಲ್ಲದ ಹೆಂಗಸು ಕೂಡ ಎರಡು ಮಾತಾದ ಮೇಲೆ ಕೇಳುತ್ತಾಳೆ. ಆಕೆ ಮೆಣಸಿನಕಾಯಿ ಒಣಹಾಕಲು ಹೋಗಿ ಮಾಳಿಗೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡದ್ದು 2009ರ ಬೇಸಿಗೆಯಲ್ಲಿ. ಅಂದಿನಿಂದ ಇಂದಿನವರೆಗೆ ಈ ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. ಆಕೆ ಹೊರಕಡೆಗೆ ಹೇಗೆ ಹೋಗುತ್ತಾಳೆ?

ಈ ಮಾತು ಓದಿ ಕೆಲವರು ಪುಸ್ತಕ ಮಡಚಿಡಬಹುದು. ಮಡಚಬೇಡಿ. ಸಂಸಾರ ಮಾಡಿದ, ಮಕ್ಕಳ ಕಕ್ಕ ಬಳಿದ, ಹಾಸಿಗೆ ಹಿಡಿದ ಅತ್ತೆಯ ಸೀರೆ ಒಗೆದ ನಮಗೆ ಇದು ಹೊಸದಲ್ಲ. ಮಾಡುವುದಕ್ಕೆ ಅಸಹ್ಯವಿಲ್ಲದ್ದು ಮಾತಾಡುವುದಕ್ಕೆ ಮಾತ್ರ ಹೇಗೆ ಅಸಹ್ಯವಾಗುತ್ತದೆ ಎನ್ನುವುದು ನನಗೆ ತಿಳಿಯದು.

ನಮ್ಮ ಭಾಷೆಯನ್ನೇ ನೋಡಿ. ಹೊರಕಡೆ, ಬಯಲಕಡೆ, ಎರಡಕ್ಕ, ತಂಬಿಗಿ ತಗೊಂಡು ಹೋಗೂದು, ಗ್ರಂಥಕ್ಕೆ ಹೋದರೆ ಬಹಿರ್ದೆಸೆ. ಎಲ್ಲವೂ ದಿಕ್ಕಿನ ಹೆಸರುಗಳೇ ಹೊರತು ಕೆಲಸದ ಹೆಸರಲ್ಲ. ನಡೆಯಬಲ್ಲವರಿಗೆ ದಿಕ್ಕು ಸಾಕು. ನಡೆಯಲಾರದವಳಿಗೆ ಯಾವ ಹೊರಕಡೆ, ಯಾವ ಬಯಲು? ಸೊನ್ನದಂಥ ಭೀಮಾ ದಂಡೆಯ ಊರಲ್ಲಿ ನಾವು ಹುಡುಗಿಯರು ಬೆಳೆದದ್ದು ನಸುಕಿನಲ್ಲಿ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ, ನಡುವೆ ತಡೆದುಕೊಂಡು. ತಡೆದುಕೊಳ್ಳುವುದೇ ನಮಗೆ ಕಲಿಸಿದ ಮೊದಲ ಶಿಸ್ತು. ನಾನು ಬಿ.ಎ., ಬಿ.ಎಡ್. ಮಾಡಿ ಮೇಷ್ಟ್ರಮ್ಮ ಆದ ಮೇಲೆಯೂ ಶೌಚಾಲಯವಿಲ್ಲದ ಶಾಲೆಯಲ್ಲಿ ನೀರು ಕುಡಿಯದೆ ವರ್ಷಗಳನ್ನು ಕಳೆದಿದ್ದೇನೆ. ಇದು ಎಷ್ಟು ಜನ ಶಿಕ್ಷಕಿಯರ ಕಥೆ ಎಂದು ನಿಮ್ಮೂರಿನ ಶಾಲೆಯಲ್ಲಿ ಕೇಳಿ ನೋಡಿ.

ತಂಗಿಗೆ ತಡೆದುಕೊಳ್ಳುವ ಶಕ್ತಿಯೂ ಹೋಯಿತು, ಬಿಡುವ ಶಕ್ತಿಯೂ ಹೋಯಿತು. ಶಸ್ತ್ರಚಿಕಿತ್ಸೆ ಆದ ಆಸ್ಪತ್ರೆ ದೊಡ್ಡದೇ. ಹೆಸರು ಹೇಳುವುದಿಲ್ಲ. ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ ಬೆನ್ನಿಗೆ ಹಾಕಿದ ಸಲಾಕೆ ಎಷ್ಟು, ತಿರುಪು ಎಷ್ಟು ಎಂಬ ಲೆಕ್ಕವಿತ್ತು. ನೋವಿನ ಗುಳಿಗೆ, ಕಬ್ಬಿಣಾಂಶದ ಗುಳಿಗೆ, ಎರಡು ವಾರ ಬಿಟ್ಟು ಬಂದು ತೋರಿಸಬೇಕೆಂಬ ಸೂಚನೆ ಇತ್ತು. ಕರುಳಿನ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಆ ಎರಡೂ ಗುಳಿಗೆಗಳು ಮಲಬದ್ಧತೆ ತರುವಂಥವು ಎಂದೂ ಯಾರೂ ಹೇಳಲಿಲ್ಲ.

ಮನೆಗೆ ಬಂದು ಒಂಬತ್ತು ದಿನ ಏನೂ ಆಗಲಿಲ್ಲ. ಹೊಟ್ಟೆ ಡೋಲಿನಂತಾಯಿತು. ಹತ್ತನೆಯ ದಿನ ನೀರಿನಂತೆ ಹರಿಯತೊಡಗಿತು, ದಿನಕ್ಕೆ ಎಂಟು ಹತ್ತು ಸಲ, ಆಕೆಗೆ ಗೊತ್ತೇ ಆಗದಂತೆ. ಭೇದಿ ಎಂದು ತಿಳಿದು ಕರೆಸಿದ ವೈದ್ಯರು ನಿಲ್ಲುವ ಗುಳಿಗೆ ಕೊಟ್ಟರು. ಸೋದರಿಯರೇ, ಈ ಒಂದು ಸಂಗತಿಯನ್ನು ದಯಮಾಡಿ ನೆನಪಿಡಿ. ಗಟ್ಟಿ ಮಲ ಒಳಗೆ ಕಲ್ಲಾಗಿ ದಾರಿ ಕಟ್ಟಿದಾಗ ಅದರ ಅಂಚಿನಿಂದ ಮೇಲಿನ ನೀರುಮಲ ಜಿನುಗಿ ಹೊರಬರುತ್ತದೆ. ಹೊರಗಿನಿಂದ ನೋಡಿದರೆ ಭೇದಿ, ಒಳಗೆ ನೋಡಿದರೆ ಬಂದಾದ ಮೋರಿ. ಆಗ ಭೇದಿ ನಿಲ್ಲಿಸುವ ಗುಳಿಗೆ ಕೊಟ್ಟರೆ ಕಲ್ಲಿಗೆ ಇನ್ನೊಂದು ಕಲ್ಲು ಕೂಡಿಸಿದಂತೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಮಾತ್ರವಲ್ಲ, ಬಹಳ ದಿನ ಹಾಸಿಗೆ ಹಿಡಿದ ಮುದುಕರಲ್ಲೂ ಇದು ಆಗುತ್ತದೆ. ಹಲವು ದಿನ ಏನೂ ಆಗದೆ ಒಮ್ಮೆಲೇ ಜಿನುಗಲು ಶುರುವಾದರೆ ವೈದ್ಯರಿಗೆ ಹಿಂದಿನ ದಿನಗಳ ಲೆಕ್ಕವನ್ನು ಮೊದಲು ಹೇಳಬೇಕು, ಬೆರಳಿಟ್ಟು ಪರೀಕ್ಷಿಸಿರಿ ಎಂದು ಕೇಳಬೇಕು. ಕೇಳುವುದಕ್ಕೆ ನಾಚಿಕೆ ಆದರೆ ನಾಚಿಕೆಯಿಂದಲೇ ಕೇಳಿ, ಅಡ್ಡಿಯಿಲ್ಲ.

ಆ ದಿನಗಳಲ್ಲಿ ಆಕೆ ನನಗೆ ಹೇಳಿದ ಮಾತು ಬರೆಯುತ್ತೇನೆ. "ಯಕ್ಕಾ, ಕಾಲು ಹೋದ್ರ ಹೋಗ್ಲಿ. ಈ ವಾಸನಿ ಒಂದು ಹೋದ್ರ ಸಾಕಾಗ್ಯಾದ." ಇದು ಆಕೆಯೊಬ್ಬಳ ಮಾತಲ್ಲ. ಅಮೆರಿಕದ ಸಂಶೋಧಕಿ ಕಿಮ್ ಆಂಡರ್ಸನ್, ಸ್ವತಃ ಬೆನ್ನುಹುರಿ ಪೆಟ್ಟಿನೊಂದಿಗೆ ಬದುಕುವವರು, 681 ಜನರನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆ ಒಂದಿದೆ. ನಿಮ್ಮ ಬದುಕು ಸುಧಾರಿಸಲು ಮೊದಲು ಏನು ಮರಳಿ ಬರಬೇಕು ಎಂಬ ಪ್ರಶ್ನೆಗೆ ಕುತ್ತಿಗೆಯ ಕೆಳಗೆ ಶಕ್ತಿ ಹೋದವರು ಕೈ ಎಂದರು, ಸೊಂಟದ ಕೆಳಗೆ ಹೋದವರು ದಾಂಪತ್ಯ ಸುಖ ಎಂದರು, ಮತ್ತು ಮಲಮೂತ್ರದ ಹಿಡಿತ ಎರಡೂ ಗುಂಪಿಗೆ ಸಮನಾಗಿ ಮುಖ್ಯವಾಗಿತ್ತು. ನಡೆಯುವುದಕ್ಕೆ ಮೊದಲ ಸ್ಥಾನ ಸಿಗಲಿಲ್ಲ. ನಡೆಯುತ್ತಾಳೆಯೇ ಎಂದು ಕೇಳುವುದು ನಿಂತು ನೋಡುವವರ ಪ್ರಶ್ನೆ.

ಈಗ ದೇಹದ ಮಾತು. ಮಿದುಳಿನಿಂದ ಕರುಳಿಗೆ ಹೋಗುವ ತಂತಿ ಬೆನ್ನುಹುರಿ. ಬಾಲದ ತುದಿಯ ಹತ್ತಿರ, ಸೊಂಟದ ಮೊದಲ ಮಣಿಯ ಆಸುಪಾಸಿನಲ್ಲಿ, ಮಲವಿಸರ್ಜನೆಯದೇ ಒಂದು ಸಣ್ಣ ಕೇಂದ್ರವಿದೆ. ಪೆಟ್ಟು ಅದಕ್ಕಿಂತ ಮೇಲೆ ಬಿದ್ದರೆ ಕೇಂದ್ರ ಉಳಿದಿರುತ್ತದೆ, ಮಿದುಳಿನ ಅಪ್ಪಣೆ ಮಾತ್ರ ತಲುಪುವುದಿಲ್ಲ. ಗುದದ್ವಾರದ ಸ್ನಾಯು ಬಿಗಿಯಾಗಿ ಮುಚ್ಚಿರುತ್ತದೆ, ಆದರೆ ಒಳಗಿನಿಂದ ಕೆಣಕಿದರೆ ತಾನಾಗಿ ಸಡಿಲಗೊಂಡು ಕರುಳು ತಳ್ಳುತ್ತದೆ. ಪೆಟ್ಟು ಆ ಕೇಂದ್ರಕ್ಕೇ ಅಥವಾ ಅದರ ಕೆಳಗಿನ ನರಗಳಿಗೆ ಬಿದ್ದಿದ್ದರೆ ಎಲ್ಲವೂ ಸಡಿಲ, ಕೆಣಕಿದರೂ ತಳ್ಳುವುದಿಲ್ಲ, ಬೆರಳಿನಿಂದ ತೆಗೆಯಬೇಕಾಗುತ್ತದೆ. ಮೊದಲನೆಯವರಿಗೆ ಮಲ ಮೆತ್ತಗಿದ್ದರೆ ಒಳ್ಳೆಯದು, ಎರಡನೆಯವರಿಗೆ ತುಸು ಗಟ್ಟಿ ಇದ್ದರೆ ಒಳ್ಳೆಯದು. ಒಬ್ಬರ ಔಷಧ ಇನ್ನೊಬ್ಬರಿಗೆ ಹೇಳಬಾರದು ಎನ್ನುವುದು ಇದಕ್ಕೇ. ನನ್ನ ತಂಗಿಗೆ ಪೆಟ್ಟಾದದ್ದು ಎದೆಯ ಹತ್ತನೆಯ ಮಣಿಯಲ್ಲಿ, ಅಂದರೆ ಆಕೆ ಮೊದಲನೆಯ ಗುಂಪು.

ಇದನ್ನು ನಮಗೆ ಬಿಡಿಸಿ ಹೇಳಿದವಳು ಬೆಂಗಳೂರಿನ ಒಂದು ಪುನರ್ವಸತಿ ಕೇಂದ್ರದ ದಾದಿ, ಬಿದ್ದ ಎರಡು ವರ್ಷಗಳ ನಂತರ. ಕರುಳಿಗೆ ಕಣ್ಣಿಲ್ಲ, ಗಡಿಯಾರ ಉಂಟು ಎಂದಳು. ದಿನವೂ ಅಥವಾ ದಿನ ಬಿಟ್ಟು ದಿನ, ಒಂದೇ ವೇಳೆಗೆ ಕೂಡಬೇಕು. ಊಟವಾಗಿ ಅಥವಾ ಬಿಸಿ ಚಹಾ ಕುಡಿದು 20-30 ನಿಮಿಷಕ್ಕೆ ಕೂಡಬೇಕು, ಏಕೆಂದರೆ ಹೊಟ್ಟೆಗೆ ಏನಾದರೂ ಬಿದ್ದಾಗ ದೊಡ್ಡಕರುಳು ತಾನಾಗಿ ಅಲುಗುತ್ತದೆ. ಆಕಳ ಕರು ಕುಡಿಯುತ್ತಲೇ ಸಗಣಿ ಹಾಕುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊಟ್ಟೆಯನ್ನು ಬಲಗಡೆ ಕೆಳಗಿನಿಂದ ಮೇಲಕ್ಕೆ, ಅಡ್ಡ, ಎಡಗಡೆ ಕೆಳಕ್ಕೆ, ಗಡಿಯಾರದ ಮುಳ್ಳು ಹೋದ ಹಾಗೆ ತೀಡಬೇಕು. ಗುದದಲ್ಲಿ ಇಡುವ ಗುಳಿಗೆ ವೈದ್ಯರು ಹೇಳಿದ್ದರೆ ಅದನ್ನು ಮಲದೊಳಗೆ ಚುಚ್ಚದೆ ಗೋಡೆಗೆ ತಾಗುವ ಹಾಗೆ ಇಡಬೇಕು. ಆಮೇಲೆ ಬೆರಳು. ಉಗುರು ಕತ್ತರಿಸಿ, ಕೈಗವಸು ಹಾಕಿ, ಜಾರುವ ಜೆಲ್ಲಿ ಹಚ್ಚಿ, ಒಂದೇ ಬೆರಳನ್ನು ಮೆಲ್ಲಗೆ ಒಳಗಿಟ್ಟು 15-20 ಸೆಕೆಂಡು ಸುತ್ತ ತಿರುಗಿಸಬೇಕು. ತೆಗೆದು ಐದು ಹತ್ತು ನಿಮಿಷ ಕಾಯಬೇಕು. ಮತ್ತೆ ಮಾಡಬೇಕು. ಪೂರ್ತಿ ಆಯಿತು ಎನ್ನುವವರೆಗೆ, ಆದರೆ ಒಟ್ಟು ಒಂದು ತಾಸಿಗೆ ಮೀರದಂತೆ. ಹೆಚ್ಚು ಹೊತ್ತು ಕುಳಿತರೆ ಸ್ಪರ್ಶ ತಿಳಿಯದ ಪೃಷ್ಠಕ್ಕೆ ಒತ್ತುಹುಣ್ಣು ಬರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ರಬ್ಬರಿನ ಕೈಗವಸು ಹರಿಯುತ್ತದೆ ಎನ್ನುವುದೂ ಅಲ್ಲಿಯೇ ತಿಳಿದದ್ದು. ರಕ್ತ ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಕುತ್ತಿಗೆಗೆ ಅಥವಾ ಎದೆಯ ಆರನೆಯ ಮಣಿಗೂ ಮೇಲೆ ಪೆಟ್ಟಾದವರ ಮನೆಯವರಿಗೆ ಒಂದು ಮಾತು ಬೇರೆಯೇ ಹೇಳಬೇಕು. ಮಲ ತುಂಬಿಕೊಂಡಾಗ ಅಥವಾ ತೆಗೆಯುವಾಗ ಅಂಥವರಿಗೆ ಒಮ್ಮೆಲೇ ತಲೆ ಸಿಡಿದಂತಾಗಿ, ಮುಖ ಕೆಂಪೇರಿ, ಹಣೆಯಲ್ಲಿ ಬೆವರು ಕಿತ್ತರೆ ಅದು ರಕ್ತದೊತ್ತಡ ವಿಪರೀತ ಏರಿದ ಲಕ್ಷಣ. ಪ್ರಾಣಕ್ಕೆ ಅಪಾಯ. ಮಾಡುತ್ತಿದ್ದುದನ್ನು ನಿಲ್ಲಿಸಿ, ಎಬ್ಬಿಸಿ ಕೂಡಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಮಡಚಿದೆಯೇ ನೋಡಿ, ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಗಾಳಿ ಸೋಕಿತು ಎಂದು ಬೇವಿನ ಸೊಪ್ಪು ಹುಡುಕಲು ಹೋಗಬಾರದು.

ಇಷ್ಟೇ. ಇಷ್ಟನ್ನು ಹೇಳಿಕೊಡಲು ಒಂದು ವಾರ ಬೇಕು, ಬೆಲೆಬಾಳುವ ಯಂತ್ರವೇನೂ ಬೇಡ. ಸಲಾಕೆ ತಿರುಪು ಹಾಕಲು ಲಕ್ಷಗಟ್ಟಲೆ ಖರ್ಚಾಗುತ್ತದೆ, ಅದಾದ ಮೇಲಿನ ಒಂದು ವಾರದ ಪಾಠಕ್ಕೆ ಯಾರಲ್ಲೂ ಪುರುಸೊತ್ತಿಲ್ಲ. ಇದೇನು ಈಚೆಗೆ ಕಂಡುಹಿಡಿದ ವಿದ್ಯೆಯೂ ಅಲ್ಲ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಬೆನ್ನುಹುರಿಯವರಿಗೆಂದೇ ವಾರ್ಡು ತೆರೆದದ್ದು 1944ರಲ್ಲಿ. ಅದಕ್ಕೂ ಮುಂಚೆ ಇಂಥ ರೋಗಿಗಳು ಒತ್ತುಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ಬೇಗ ಸಾಯುವವರೇ ಎಂದು ಕೈಬಿಡುತ್ತಿದ್ದರು. ಹೊರಳಿಸುವುದು, ಮಲಮೂತ್ರದ ಶಿಸ್ತು, ಕೆಲಸ, ಆಟ ಇವುಗಳಿಂದಲೇ ಅವರು ಜನರನ್ನು ಬದುಕಿಸಿದರು. ನಮ್ಮ ದೇಶದಲ್ಲಿ ಇನ್ನೂ ದೊಡ್ಡ ಉದಾಹರಣೆ ಡಾಕ್ಟರ್ ಮೇರಿ ವರ್ಗೀಸ್. ವೆಲ್ಲೂರಿನ ತರುಣ ವೈದ್ಯೆ, 1954ರಲ್ಲಿ ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಶಕ್ತಿ ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದರು, 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಸಂಸ್ಥೆ ಆರಂಭವಾಯಿತು. ಅವರ ಧೈರ್ಯವನ್ನು ಹೊಗಳುವವರು ಹಲವರು. ನನಗೆ ತೋಚುವುದು ಬೇರೆ. ಆ ಹೆಂಗಸು ದಿನ ಬೆಳಗಾದರೆ ತನ್ನ ಕರುಳಿನ ಕೆಲಸ ಮುಗಿಸಿಕೊಂಡೇ ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗಿರಬೇಕಲ್ಲವೇ? ಸಾಧಕರ ಚರಿತ್ರೆಗಳಲ್ಲಿ ಆ ಒಂದು ತಾಸು ಎಲ್ಲಿಯೂ ಇರುವುದಿಲ್ಲ.

ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎ.ಪಿ.ಡಿ. ಇದೆ, ಅದು ಬೆನ್ನುಹುರಿಯವರ ನಡುವೆಯೂ ಕೆಲಸ ಮಾಡುತ್ತದೆ. ದಿಲ್ಲಿಯಲ್ಲಿ ಇದಕ್ಕೆಂದೇ ಆಸ್ಪತ್ರೆ ಇದೆ. ಆದರೆ ಆಳಂದದ, ಅಫಜಲಪುರದ, ಜೇವರ್ಗಿಯ ಮನುಷ್ಯ ತೊಗರಿ ರಾಶಿಯ ಮೇಲಿಂದ, ಬೇವಿನ ಮರದಿಂದ, ಮೋಟಾರ್ ಸೈಕಲ್ಲಿನಿಂದ ಬಿದ್ದರೆ ಆ ವಿದ್ಯೆ ಅವನ ಮನೆಯವರೆಗೆ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳಿಗೆ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಊರೂರಿಗೆ ಆಶಾ ಕಾರ್ಯಕರ್ತೆಯರಿದ್ದಾರೆ. ಪಿಂಚಣಿಯ ಅರ್ಜಿ ತುಂಬಿಸಲು ಅವರು ಬರುತ್ತಾರೆ, ಒಳ್ಳೆಯ ಮನಸ್ಸಿನವರೇ. ಅವರಿಗೆ ಈ ವಿದ್ಯೆಯನ್ನು ಕಲಿಸಿ ಕಳಿಸಿದರೆ ಎಷ್ಟು ಮನೆಗಳ ಬಾಗಿಲು ತೆರೆಯುತ್ತಿತ್ತು.

ಇನ್ನು ನನ್ನ ನಿಜವಾದ ಜಗಳ. ಅದು ಆಸ್ಪತ್ರೆಯೊಂದಿಗೆ ಮಾತ್ರವಲ್ಲ, ನಮ್ಮ ಪುಣ್ಯದ ಲೆಕ್ಕದೊಂದಿಗೆ.

ತಂಗಿಯ ಗಂಡನ ಮನೆಯವರು ಮೂರು ತಿಂಗಳಿಗೆ ಆಕೆಯನ್ನು ತವರಿಗೆ ತಂದುಬಿಟ್ಟರು. ಅದೇ ವರ್ಷ ಹತ್ತಿರದ ಇನ್ನೊಂದು ಊರಲ್ಲಿ ಒಬ್ಬ ಗಂಡಸು ಲಾರಿಯಿಂದ ಬಿದ್ದ, ಅವನದೂ ಇದೇ ಗತಿ. ಅವನ ಹೆಂಡತಿಯನ್ನು ಯಾರೂ ತವರಿಗೆ ಹೋಗು ಎನ್ನಲಿಲ್ಲ, ಹೋಗಲು ಬಿಡಲೂ ಇಲ್ಲ. ಮಹಾಸತಿ ಎಂದರು, ಸೇವೆ ಎಂದರು, ಕಾಯಕ ಎಂದರು. ಕಾಯಕದ ನಾಡು ನಮ್ಮದು, ಆ ಮಾತಿನ ಬಗ್ಗೆ ನನಗೆ ಗೌರವವಿದೆ. ಆದರೆ ಕಾಯಕ ಎನ್ನುವುದು ಮನೆಯ ಸೊಸೆಗೆ ಮಾತ್ರ ಬರೆದಿಟ್ಟದ್ದೇ? ಅವನಿಗೆ ಇಬ್ಬರು ಅಣ್ಣಂದಿರು, ಒಬ್ಬ ತಮ್ಮ. ಒಬ್ಬನೂ ಕೈಗವಸು ಮುಟ್ಟಲಿಲ್ಲ. ಗಂಡಸು ಬಿದ್ದರೆ ಹೆಂಡತಿ ಬಳಿಯುತ್ತಾಳೆ, ಹೆಂಗಸು ಬಿದ್ದರೆ ತಾಯಿ ಬಳಿಯುತ್ತಾಳೆ, ತಾಯಿ ಸತ್ತರೆ ಅಕ್ಕ. ನಮ್ಮ ತಾಯಿ 2013ರಲ್ಲಿ ತೀರಿಕೊಂಡಳು. ಆಕೆಯ ಶವದ ಮುಂದೆ ಕುಳಿತಾಗ ಒಬ್ಬ ಹಿರಿಯರು ನನಗೆ ಹೇಳಿದ್ದು: "ಬಾಯಿ, ಆ ಕೆಲಸಕ್ಕ ಆ ಕಡಿ ಓಣಿಯಾಕಿನ್ನ ಯಾರರೆ ಇಟ್ಕೊಳ್ರಿ." ಆ ಕಡೆಯ ಓಣಿ ಯಾವುದೆಂದು ನಾನು ಬರೆಯಬೇಕಿಲ್ಲ. ಪ್ರತಿ ಊರಲ್ಲೂ ಒಂದಿದೆ. 2013ರಲ್ಲಿಯೇ ದೇಶ ಮಲ ಬಳಿಯುವ ಕೆಲಸಕ್ಕೆ ಜನರನ್ನು ಇಡುವುದನ್ನು ನಿಷೇಧಿಸಿ ಹೊಸ ಕಾಯಿದೆ ಮಾಡಿತು. ನಮ್ಮ ಹಿರಿಯರ ಮನಸ್ಸಿನಲ್ಲಿ ಮಲಕ್ಕೆ ಇಂದಿಗೂ ಒಂದು ಜಾತಿ ಇದೆ, ಒಂದು ಲಿಂಗ ಇದೆ. ಅಸಹ್ಯ ಎಂದು ನಾವು ಕರೆಯುವುದರಲ್ಲಿ ಮೂಗಿನ ಪಾಲು ಕಡಿಮೆ.

ಹಾಗಂತ ಹೊಗಳಿಕೆಯೂ ನನಗೆ ಬೇಡ. "ನಿಮ್ಮಂಥ ಅಕ್ಕ ಸಿಗಬೇಕಾದ್ರ ಪುಣ್ಯ ಮಾಡಿರಬೇಕು" ಎಂದು ಆಕೆಯ ಎದುರಿಗೇ ಹೇಳುತ್ತಾರಲ್ಲ, ಆ ಮಾತು ಆಕೆಗೆ ಬಡಿಯುವುದನ್ನು ನಾನು ನೋಡಿದ್ದೇನೆ. ಅಷ್ಟಕ್ಕೂ ಆ ದಾದಿ ಮೊದಲ ದಿನವೇ ಕೇಳಿದ ಪ್ರಶ್ನೆ ಏನು ಗೊತ್ತೇ? "ಇವರ ಎರಡೂ ಕೈ ಗಟ್ಟಿಯಾಗಿವೆಯಲ್ಲ, ಇವರೇ ಯಾಕೆ ಮಾಡಿಕೊಳ್ಳಬಾರದು?" ಎರಡು ವರ್ಷ ಯಾವ ವೈದ್ಯರೂ, ಯಾವ ನೆಂಟರೂ ಕೇಳದ ಪ್ರಶ್ನೆ ಅದು. ರೊಟ್ಟಿ ಬಡಿಯುವ ಕೈ, ರವಿಕೆ ಹೊಲಿಯುವ ಕೈ. ಒಂದು ವಾರದಲ್ಲಿ ಕಲಿತಳು. ಹತ್ತು ದಿನ ಅತ್ತಳು, ಅದು ಬೇರೆ. ಅಂದಿನಿಂದ ಆ ಬಾಗಿಲು ಒಳಗಿನಿಂದ ಮುಚ್ಚುತ್ತದೆ. ನಾನು ನೀರು ಇಟ್ಟು ಬರುತ್ತೇನೆ, ಅಷ್ಟೇ. ಕೈಯಲ್ಲಿ ಶಕ್ತಿ ಇಲ್ಲದವರಿಗೆ ಇನ್ನೊಬ್ಬರ ಕೈ ಬೇಕೇ ಬೇಕು, ಅದರಲ್ಲಿ ಕೀಳೇನೂ ಇಲ್ಲ. ಆದರೆ ಶಕ್ತಿ ಇರುವವರಿಗೂ ಸೇವೆಯ ಹೆಸರಿನಲ್ಲಿ ಕಲಿಸದೆ ಇಡುವುದು ಸೇವೆ ಅಲ್ಲ, ಅವರ ಮರ್ಯಾದೆಯ ಚಾವಿಯನ್ನು ನಮ್ಮ ಸೆರಗಿಗೆ ಕಟ್ಟಿಕೊಳ್ಳುವುದು.

ಬಾಗಿಲು ಎಂದೆ. ಆ ಬಾಗಿಲಿನ ಕಥೆಯೂ ಇದೆ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾಗಿ ಮನೆಗೊಂದು ಶೌಚಾಲಯಕ್ಕೆ 12,000 ರೂಪಾಯಿ ಕೊಡತೊಡಗಿದರು. ಒಳ್ಳೆಯದೇ ಆಯಿತು, ನಸುಕಿನ ತಂಬಿಗೆ ತಪ್ಪಿತು. ಆದರೆ ನಮ್ಮ ಓಣಿಯಲ್ಲಿ ಎದ್ದದ್ದೆಲ್ಲ ಮೂರು ಮೆಟ್ಟಿಲು ಹತ್ತಿ ಹೋಗುವ, ಕುಕ್ಕರಗಾಲಲ್ಲಿ ಕೂಡುವ, ಕೈ ಚಾಚಿದರೆ ಎರಡೂ ಗೋಡೆ ತಾಗುವ ಗೂಡುಗಳು. ಗಾಲಿಕುರ್ಚಿ ಅದರ ಮುಂದೆ ನಿಂತು ನಮಸ್ಕಾರ ಹಾಕಿ ಬರಬೇಕು. ನಾವು ಹಿತ್ತಲಲ್ಲಿ ನೆಲಮಟ್ಟಕ್ಕೆ ಅಗಲ ಬಾಗಿಲಿನದು ಬೇರೆ ಕಟ್ಟಿಸಿದೆವು. ಬಡಿಗೇರನು ಗಟ್ಟಿ ಕಟ್ಟಿಗೆಯ ಕುರ್ಚಿಗೆ ನಡುವೆ ತೂತು ಕೊರೆದು, ಅಂಚಿಗೆ ದಪ್ಪ ಮೆತ್ತೆ ಹಾಕಿ ಕೊಟ್ಟ. "ಯಾರಿಗಿ?" ಎಂದು ಕೇಳಿದ, ಹೇಳಿದೆ, ದುಡ್ಡು ಅರ್ಧವೇ ತೆಗೆದುಕೊಂಡ. ಆತನಿಗೆ ವಿವರಿಸುವುದು ಅಧಿಕಾರಿಗಳಿಗೆ ವಿವರಿಸುವುದಕ್ಕಿಂತ ಸುಲಭವಾಯಿತು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 24ನೆಯ ಕಲಮಿನಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಎಂಬ ಮಾತಿದೆ. ಕೈಗವಸಿನ, ಜೆಲ್ಲಿಯ, ಡೈಪರಿನ ತಿಂಗಳ ಖರ್ಚು ಬರೆದಿಟ್ಟವಳಿಗೆ ಆ ಮಾತಿನ ಬೆಲೆ ಗೊತ್ತು. ಸ್ಯಾನಿಟರಿ ಪ್ಯಾಡಿನ ಮೇಲಿನ ತೆರಿಗೆ 2018ರ ಜುಲೈನಲ್ಲಿ ಹೋಯಿತು, ಹೆಂಗಸರು ಬಾಯಿ ಬಿಟ್ಟು ಕೇಳಿದ್ದಕ್ಕೆ ಹೋಯಿತು. ಆಗ ಡೈಪರಿನ ಮೇಲಿನ ತೆರಿಗೆ ಹಾಗೆಯೇ ಉಳಿಯಿತು. ಮುಟ್ಟಿನ ಬಗ್ಗೆ ಬೀದಿಯಲ್ಲಿ ಮಾತಾಡಲು ಕಲಿತ ನಾವು ಇದರ ಬಗ್ಗೆ ಇನ್ನೂ ಪಿಸುಗುಡುತ್ತಿದ್ದೇವೆ.

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿತು. ಸೊನ್ನ ಬ್ಯಾರೇಜಿನಿಂದ ಬಿಟ್ಟ ನೀರು ದಂಡೆಯ ಊರುಗಳಿಗೆ ನುಗ್ಗಿ, ಜನರನ್ನು ಕಾಳಜಿ ಕೇಂದ್ರಗಳಿಗೆ ಸಾಗಿಸಿದರು. ನಮಗೆ ಸಿಕ್ಕದ್ದು ಒಂದು ಶಾಲೆಯ ಕೋಣೆ, ನಲವತ್ತು ಜನ. ಅನ್ನ ಕೊಟ್ಟರು, ಚಾದರ ಕೊಟ್ಟರು, ಯಾರನ್ನೂ ದೂರುವುದಿಲ್ಲ. ಶೌಚಾಲಯ ಮೈದಾನದ ಆಚೆ, ಮೊಣಕಾಲುದ್ದ ಕೆಸರು ದಾಟಿ. ತಂಗಿಯ ವೇಳೆ ಬೆಳಗಿನ ಆರು. ಮೊದಲ ದಿನ ಆಕೆ ಊಟ ಬಿಟ್ಟಳು. ಮದುವೆ, ಜಾತ್ರೆ ಎಂದರೂ ಆಕೆ ಹಿಂದಿನ ದಿನ ಊಟ ಬಿಡುತ್ತಾಳೆ, ಇಂಥವರು ಬಹಳ ಮಂದಿ ಹೀಗೆ ಮಾಡುತ್ತಾರೆ. ಊಟ ಬಿಟ್ಟರೆ ಕರುಳಿನ ಗಡಿಯಾರ ಕೆಡುತ್ತದೆಯೇ ಹೊರತು ಕರುಳು ನಮ್ಮ ಮಾತು ಕೇಳುವುದಿಲ್ಲ. ಎರಡನೆಯ ದಿನ ನಾನೇ ಎದ್ದು ಕೋಣೆಯಲ್ಲಿದ್ದ ಹೆಂಗಸರಿಗೆ ಪಾಠ ಹೇಳುವ ದನಿಯಲ್ಲಿ ಹೇಳಿದೆ, ಇಂಥಿಂಥದು, ದಿನ ಬಿಟ್ಟು ದಿನ ಒಂದು ತಾಸು ಒಂದು ಮೂಲೆ ಬೇಕು ಎಂದು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಮುದುಕಿ ಎದ್ದು ತನ್ನ ಇಳಕಲ್ ಸೀರೆ ಬಿಚ್ಚಿ ಕೊಟ್ಟಳು, ಎರಡು ಕಿಟಕಿಗೆ ಕಟ್ಟಿ ಮರೆ ಮಾಡಿದರು, ಗಂಡಸರನ್ನು ಅಂಗಳಕ್ಕೆ ಓಡಿಸಿದರು. ನಾವು ಅಲ್ಲಿದ್ದಷ್ಟು ದಿನವೂ ಹೀಗೇ ನಡೆಯಿತು. ಹೇಳದೆ ಇದ್ದಿದ್ದರೆ ಆ ಮುದುಕಿಗೆ ಸೀರೆ ಬಿಚ್ಚಬೇಕೆಂದು ಹೇಗೆ ತಿಳಿಯುತ್ತಿತ್ತು?

ಊಟದ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಬೇಳೆ, ಮಜ್ಜಿಗೆ ಎಲ್ಲವೂ ಕರುಳಿಗೆ ನೆಂಟರೇ. ಆದರೆ ನಾರು ಒಳ್ಳೆಯದು ಎಂದು ನೀರು ಕುಡಿಸದೆ ಸೊಪ್ಪು ತುರುಕಿದರೆ ಇನ್ನಷ್ಟು ಕಟ್ಟುತ್ತದೆ. ಯಾವುದು ತಿಂದಾಗ ಹೇಗಾಯಿತು ಎಂದು ತಂಗಿ ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತಾಳೆ. ಹಸಿಮೆಣಸಿನ ಖಾರದ ಮುಂದೆ ಕೆಂಪು ಶಾಯಿಯಿಂದ ಗೆರೆ ಎಳೆದಿದ್ದಾಳೆ, ಆದರೂ ತಿನ್ನುತ್ತಾಳೆ.

ಈಗ ಆ ಹಾಜರಿ ಪುಸ್ತಕಕ್ಕೆ ಬೇರೆ ಕೆಲಸವೂ ಬಂದಿದೆ. ಕಳೆದ ತಿಂಗಳು ಜೇವರ್ಗಿಯ ಕಡೆಯಿಂದ ಒಬ್ಬ ತರುಣಿ ಬಂದಿದ್ದಳು, ಗಂಡ ಬಿದ್ದು ಐದು ತಿಂಗಳಾಗಿದೆ, ಬಾಡಿಗೆ ಜೀಪಿನಲ್ಲಿ ಅವನನ್ನೂ ಕರೆತಂದಿದ್ದಳು. ಜೊತೆಗೆ ಅವನ ಅಣ್ಣ. ಅಣ್ಣ ಜೀಪಿನಿಂದ ಇಳಿಯಲಿಲ್ಲ. ತಂಗಿ ಕುರ್ಚಿ ದೂಡಿಕೊಂಡು ಹೋಗಿ ಅವನಿಗೆ ಹೇಳಿದಳು, "ನೀವೂ ಬರ್ರಿ, ನಿಮಗೂ ಕಲಿಸೂದದ." ಅವನು ನೆಲ ನೋಡುತ್ತ ಇಳಿದ. ನನಗೆ ಮಾತ್ರ ಹೊರಗಿರು ಎಂದಳು. ಒಂದೂವರೆ ತಾಸು ಬಾಗಿಲು ತೆರೆಯಲಿಲ್ಲ. ನಾನು ಚಹಾವನ್ನು ಎರಡು ಸಲ ಬಿಸಿ ಮಾಡಿದೆ.